ಗಟ್ಟಿ ಎದೆಯ ರೋಗಿ

ಆರೋಗ್ಯವಾಗಿರುವ ಗಂಡಸನ್ನು ಯಾವ ಕಾರಣಕ್ಕೂ ಆರೋಗ್ಯ ತಪಾಸಣೆಗೆ ಕಳಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಯಿಲೆ ಇದ್ದವನನ್ನು ಕಳಿಸಿದರೆ ಔಷಧಿ ತರುತ್ತಾನೆ, ನುಂಗುತ್ತಾನೆ, ಸುಮ್ಮನಿರುತ್ತಾನೆ. ಏನೂ ಇಲ್ಲದವನನ್ನು ಕಳಿಸಿದರೆ ಉಪದೇಶ ತರುತ್ತಾನೆ. ಅದನ್ನು ನುಂಗಬೇಕಾದವರು ಮನೆಯವರು.

ನಮ್ಮವರು, ಅಂದರೆ ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿ ದಲಾಲಿ ಮಾಡುವ ಮಡಿವಾಳಪ್ಪನವರು, ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಸತ್ತೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಎದೆ ತೋರಿಸಿಕೊಂಡು ಬಂದರು. ನೋವಿತ್ತೇ ಎಂದರೆ ಇರಲಿಲ್ಲ. ಪಕ್ಕದ ಅಂಗಡಿಯವರು ತೋರಿಸಿಕೊಂಡು ಬಂದಿದ್ದರು, ಇವರು ಹಿಂದೆ ಬೀಳುವುದುಂಟೇ? ನಾನೂ ಜೊತೆಗೆ ಹೋಗಿದ್ದೆ. ಮಗನ ವಯಸ್ಸಿನ ಡಾಕ್ಟರು ಇವರನ್ನು ಮಲಗಿಸಿ, ಎಬ್ಬಿಸಿ, ಓಡುವ ಪಟ್ಟಿಯ ಮೇಲೆ ಓಡಿಸಿ, ಕೊನೆಗೆ ನಕ್ಕರು.

"ನಿಮ್ಮ ಹಾರ್ಟ್ ಭಾಳ ಛಲೋ ಐತ್ರಿ ಕಾಕಾ. ಹಿಂಗ ಇರಬೇಕಂದ್ರ ದಿನಾ ಸಲ್ಪ ಅಡ್ಡಾಡ್ರಿ. ಉಪ್ಪು, ಎಣ್ಣಿ ಕಡಿಮಿ ಮಾಡ್ರಿ. ಲಗೂ ಮಕ್ಕೋರಿ. ಟೆನ್ಶನ್ ತಗೋಬ್ಯಾಡ್ರಿ."

ಯಾರ ಮನೆಯ ಅಜ್ಜಿಯಾದರೂ ಹೇಳುವ ಮಾತು. ಆದರೆ ನಮ್ಮವರು ಅದನ್ನು ದೀಕ್ಷೆ ತೆಗೆದುಕೊಂಡವರ ಹಾಗೆ ಕೈಮುಗಿದು ಸ್ವೀಕರಿಸಿದರು. ಅಂದೇ ಸಂಜೆ ಹಸಿರು ಪಟ್ಟಿಯ ಬೂಟು ಮನೆಗೆ ಬಂತು. ಮರುದಿನ ಬೆಳಿಗ್ಗೆಯಿಂದ ನವನಗರದ ರಸ್ತೆಗಳಲ್ಲಿ ಎರಡೂ ಕೈ ಬೀಸುತ್ತ ಇವರು ನಡೆಯತೊಡಗಿದರು. ಒಳ್ಳೆಯದೇ ಆಯಿತು ಎಂದುಕೊಂಡೆ. ಆ ನಡಿಗೆ ಎಲ್ಲಿ ಮುಗಿಯುತ್ತದೆ ಎಂದು ಪಕ್ಕದ ಮನೆಯ ಮಲ್ಲಿಕಸಾಬರು ಹೇಳುವವರೆಗೂ ನನಗೆ ಗೊತ್ತಿರಲಿಲ್ಲ. ಬಸ್ ನಿಲ್ದಾಣದ ಹತ್ತಿರ ಮಿರ್ಚಿ-ಗಿರ್ಮಿಟ್ ಗಾಡಿಯ ಮುಂದೆ ಮುಗಿಯುತ್ತಿತ್ತು.

"ನಡದ ಮ್ಯಾಲೆ ಹಸಿವಿ ಆಗತೈತಿ. ಹಸಿವಿ ಆದ್ರ ಹಾರ್ಟ್ ಕೆಲಸಾ ಮಾಡಾಕತ್ತೈತಿ ಅಂತ ಅರ್ಥ," ಎಂದರು ಕೇಳಿದರೆ.

ಗಾಡಿಯಲ್ಲಿ ಇಷ್ಟು ಉದಾರವಾಗಿದ್ದ ಮನುಷ್ಯ ಮನೆಯೊಳಗೆ ಬಂದರೆ ಕಟ್ಟುನಿಟ್ಟಿನ ಪೊಲೀಸನಾಗುತ್ತಿದ್ದರು. ಉಪ್ಪಿನಕಾಯಿ ಭರಣಿಗಳು ಅಟ್ಟ ಏರಿದವು. ಹಪ್ಪಳ, ಸಂಡಿಗೆ ಬಂದ್. ಪಲ್ಯಕ್ಕೆ ಉಪ್ಪು ಹಾಕುವಾಗ ನನ್ನ ಬೆನ್ನ ಹಿಂದೆ ನಿಂತು "ಸಾಕು, ಸಾಕು" ಎನ್ನುತ್ತಿದ್ದರು. ಇನ್ನು ಟೆನ್ಶನ್ ವಿಷಯ ಕೇಳಲೇಬೇಡಿ. ನೀರಿನ ಮೋಟಾರು ಸುಟ್ಟುಹೋಗಿದೆ ಎಂದು ಹೇಳಲು ಹೋದರೆ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕಣ್ಣು ಮುಚ್ಚಿದರು.

"ಇಂಥಾದ್ದೆಲ್ಲಾ ನನಗ ಹೇಳಬ್ಯಾಡ. ಡಾಕ್ಟರ್ ಏನ್ ಅಂದಾರ?"

"ನನಗ ಟೆನ್ಶನ್ ತಗೋ ಅಂದಾರೇನ್ರಿ ಮತ್ತ?" ಎಂದೆ. ಅದಕ್ಕೆ ಉತ್ತರ ಬರಲಿಲ್ಲ. ನೀರೂ ಬರಲಿಲ್ಲ.

ಇಷ್ಟರಲ್ಲೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಗಂಡಂದಿರ ಹುಚ್ಚು ಸಂಕ್ರಾಂತಿಯವರೆಗೆ ಇರುತ್ತದೆ, ಆಮೇಲೆ ಇಳಿಯುತ್ತದೆ. ಆದರೆ ನಡುವೆ ಹೆಬ್ಬಳ್ಳಿಯಲ್ಲಿ ಇವರ ಅಕ್ಕ ಕಾಳವ್ವನವರ ಮೊಮ್ಮಗಳ ತೊಟ್ಟಿಲು ಕಾರ್ಯಕ್ರಮ ಬಂತು.

ಕಾಳವ್ವ ಅಕ್ಕಾರ ಮನೆಯ ಹೋಳಿಗೆ ಊಟಕ್ಕೆ ಕೂತವನು ಸಾಕು ಎಂದರೆ ಆ ಮಾತಿಗೆ ಬೆಲೆಯಿಲ್ಲ. ಬೇಡ ಎಂದರೆ ಸಂಕೋಚ ಎನ್ನುತ್ತಾರೆ. ಕೈ ಅಡ್ಡ ಹಿಡಿದರೆ ಕೈಯ ಮೇಲೇ ತುಪ್ಪ ಸುರಿಯುತ್ತಾರೆ. ಎದ್ದು ನಿಂತರೆ ಹೆಗಲು ಹಿಡಿದು ಕೂಡಿಸುತ್ತಾರೆ. ಅವರ ತುಪ್ಪದ ಗಿಂಡಿಯಿಂದ ಇದುವರೆಗೆ ಪಾರಾದ ನೆಂಟರಿಲ್ಲ. ಅಂದು ಇವರು ಪಾರಾಗಿ ತೋರಿಸುತ್ತೇನೆ ಎಂದು ಹಟ ತೊಟ್ಟಿದ್ದರು. ಎರಡು ಸಲ ಬೇಡ ಎಂದರು. ಅಕ್ಕ ಗಿಂಡಿ ಬಗ್ಗಿಸಿಯೇ ಬಗ್ಗಿಸಿದರು.

"ನನ್ನ ಮನ್ಯಾಗ ತುಪ್ಪಾ ಬ್ಯಾಡ ಅಂತೀಯೇನೋ ತಮ್ಮಾ? ಏನ್ ಮಾಡೇನಿ ನಾ ನಿನಗ?"

ಪಂಕ್ತಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಇವರು ಕೆಮ್ಮಿದರು. ಎಡಗೈ ಎದೆಯ ಮೇಲೆ ಇಟ್ಟುಕೊಂಡರು. ದನಿ ಇಳಿಸಿ, "ಹಂಗಲ್ಲಕ್ಕಾ. ಡಾಕ್ಟರ್ ತುಪ್ಪಾ ಮುಟ್ಟಬ್ಯಾಡ ಅಂದಾರ. ಹಾರ್ಟಿಂದು... ಸಲ್ಪ ಐತಿ," ಎಂದರು.

ಯಾರೋ ಅಗಿಯುವುದನ್ನು ನಿಲ್ಲಿಸಿದರು. ಅಕ್ಕಾರ ಕೈಯಲ್ಲಿನ ಗಿಂಡಿ ಹಿಂದಕ್ಕೆ ಸರಿಯಿತು. ಹೆಬ್ಬಳ್ಳಿಯ ಇತಿಹಾಸದಲ್ಲೇ ಅದು ಮೊದಲ ಸಲ. ಇವರು ನನ್ನತ್ತ ನೋಡಿ ಗೆದ್ದವರಂತೆ ಕಣ್ಣು ಮಿಟುಕಿಸಿದರು. ನಾನು ಬಾಯಿ ತೆರೆದು ಏನೂ ಇಲ್ಲ ಎಂದು ಹೇಳುವಷ್ಟರಲ್ಲಿ ಹೆಂಗಸರು ನನ್ನನ್ನು ಸುತ್ತುವರಿದು ಕಣ್ಣೊರೆಸಿಕೊಳ್ಳತೊಡಗಿದ್ದರು.

ಮಾರನೆಯ ದಿನದಿಂದಲೇ ಮಾತಾಡಿಸುವವರು ಶುರುವಾದರು. ನಮ್ಮ ಕಡೆ ಒಬ್ಬರಿಗೆ ಆರಾಮಿಲ್ಲ ಎಂದರೆ ಹೋಗಿ ಮಾತಾಡಿಸದೆ ಇರುವಂತಿಲ್ಲ. ಮದುವೆಗೆ ಬರದಿದ್ದರೂ ಕ್ಷಮೆಯುಂಟು, ಇದಕ್ಕೆ ಇಲ್ಲ. ಟಂಟಂ ತುಂಬ ಬಂದರು, ಬಸ್ಸಿನಲ್ಲಿ ಬಂದರು. ಪ್ರತಿಯೊಬ್ಬರ ಕೈಯಲ್ಲೂ ಮೋಸಂಬಿ, ಬಿಸ್ಕೀಟು. ಪ್ರತಿಯೊಬ್ಬರ ಬಾಯಲ್ಲೂ ನಿನ್ನೆ ಮೊನ್ನೆಯವರೆಗೂ ಚೆನ್ನಾಗಿದ್ದು ಧಪ್ಪನೆ ಹೋಗಿಬಿಟ್ಟ ಯಾರದೋ ಕಥೆ. ಬಂದವರಿಗೆಲ್ಲ ಚಹಾ, ಅವಲಕ್ಕಿ. ರೋಗಿ ಜೊತೆಗೆ ತಿನ್ನದಿದ್ದರೆ ಬಂದವರು ಮುಟ್ಟುವುದಿಲ್ಲ, ಹಾಗಾಗಿ ನಮ್ಮವರೂ ತಿಂದರು. ಸಂಜೆಯಾಗುವಷ್ಟರಲ್ಲಿ ಅವರ ಹೊಟ್ಟೆಗೆ ಹೋದ ಎಣ್ಣೆ, ಸಕ್ಕರೆ ನೋಡಿ ಇವತ್ತು ಖರೇ ಖರೇ ಏನಾದರೂ ಆಗುತ್ತದೆ ಎಂದು ನನಗೇ ಅನಿಸಿತು. ಗ್ಯಾಸಿನ ಒಲೆ ಆರಲೇ ಇಲ್ಲ. ನನ್ನ ಸೊಂಟ ಬಿದ್ದುಹೋಯಿತು.

"ಏನೂ ಆಗಿಲ್ಲಂತ ಹೇಳಬಾರದೇನ್ರಿ?" ಎಂದೆ ಹಲ್ಲು ಕಡಿಯುತ್ತ.

ಇವರು ಶಾಲು ಹೊದ್ದು ದಿವಾನದ ಮೇಲೆ ಒರಗಿದ್ದರು. ಶಾಲು ಯಾಕೆ ಎಂದು ದೇವರಿಗೇ ಗೊತ್ತು. "ಅಷ್ಟ ದೂರಿಂದ ಬಂದಾರ. ಏನೂ ಆಗಿಲ್ಲಂದ್ರ ಅವರಿಗೆ ಬ್ಯಾಸರ ಆಗೂದಿಲ್ಲೇನ?" ಎಂದರು.

ಈ ಮನುಷ್ಯನ ಜೊತೆ ಇಷ್ಟು ವರ್ಷ ಬಾಳ್ವೆ ಮಾಡಿದ ನನ್ನ ಎದೆಯನ್ನು ಸತ್ತೂರಿನವರು ಪರೀಕ್ಷೆ ಮಾಡಬೇಕಿತ್ತು.

ವಾರ ತುಂಬುವ ಮೊದಲು ಕಾಳವ್ವ ಅಕ್ಕಾರು ಸ್ವತಃ ಬಂದಿಳಿದರು. ಬಟ್ಟೆಯ ಗಂಟು ನೋಡಿದರೆ ತಿಂಗಳು ಇರುವ ಲಕ್ಷಣ. ಇವರ ಪಕ್ಕ ಕೂತು, ತಲೆ ಸವರಿ, ಸೆರಗಿನಿಂದ ಕಣ್ಣು ಒತ್ತಿಕೊಂಡು ವಿಷಯಕ್ಕೆ ಬಂದರು.

"ನೋಡ ತಮ್ಮಾ, ಹೆದರಬ್ಯಾಡ. ನಾ ಎಲ್ಲಾ ವಿಚಾರ ಮಾಡೇನಿ. ನಿನ್ನ ಕಣ್ಣ ಮುಂದ ಸೌಂದರ್ಯಾಂದು ಅಕ್ಕಿಕಾಳ ಬೀಳಬೇಕು. ಕೇಶ್ವಾಪುರದಾಗ ಗುರುಸಿದ್ದವ್ವ ಅಂತ ಅದಾರ, ಸಿಮೆಂಟ್ ಅಂಗಡಿಯವರು. ಮಗ ಶಿವಯೋಗೀಶ. ಬಂಗಾರದಂಥಾ ಹುಡುಗ. ಹಿರೇರ ಜೀವ ಇರೂದ್ರಾಗ ಆಗ್ಲಿ ಅಂತ ಈ ತಿಂಗಳದಾಗ ಮದವಿ ಮಾಡಾಕ ಒಪ್ಪ್ಯಾರ. ಆಯಿತಾರ ನೋಡಾಕ ಬರತಾರ."

ಇವರ ಮೈಮೇಲಿನ ಶಾಲು ಜಾರಿತು.

ಸೌಂದರ್ಯಾ ನಮ್ಮ ಒಬ್ಬಳೇ ಮಗಳು. ಧಾರವಾಡದಲ್ಲಿ ಕೃಷಿ ಎಂ.ಎಸ್ಸಿ. ಓದುತ್ತಾಳೆ, ಮಣ್ಣಿನ ವಿಷಯ. ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಚೀಲದ ತುಂಬ ಯಾರ್‍ಯಾರದೋ ಹೊಲದ ಮಣ್ಣು ತಂದು ನನ್ನ ಅಂಗಳದಲ್ಲಿ ಒಣಹಾಕುತ್ತಾಳೆ. ಇನ್ನೊಂದು ವರ್ಷದ ಓದು ಬಾಕಿ. ಅದು ಮುಗಿಯುವವರೆಗೆ ಮದುವೆಯ ಮಾತೇ ಎತ್ತುವುದಿಲ್ಲ ಎಂದು ಅವಳಪ್ಪ ಮಾತು ಕೊಟ್ಟಿದ್ದರು. ಮಾತು ಕೊಟ್ಟಾಗ ನಾನು ಪಕ್ಕದಲ್ಲೇ ಇದ್ದೆ, ಮತ್ತು ಆ ಹೊತ್ತಿನಲ್ಲಿ ಈ ಮನುಷ್ಯನ ಬಗ್ಗೆ ನನಗೆ ಬಹಳ ಅಭಿಮಾನವಾಗಿತ್ತು.

ಯಾಕೆಂದರೆ ನನ್ನ ಮದುವೆಯೂ ಹೀಗೇ ಆದದ್ದು. ಅಜ್ಜಿ ಕಣ್ಣು ಮುಚ್ಚುವ ಮೊದಲು ನೋಡಲಿ ಎಂದು ಕಾಲೇಜು ಬಿಡಿಸಿ ಮದುವೆ ಮಾಡಿದರು. ಅಜ್ಜಿ ನೋಡಿದಳು. ಆಮೇಲೆ ನನ್ನ ಬಾಣಂತನವನ್ನೂ ನೋಡಿದಳು, ಸೌಂದರ್ಯಾ ಶಾಲೆಗೆ ಹೋಗುವುದನ್ನೂ ನೋಡಿದಳು, ಎಲ್ಲದರಲ್ಲೂ ತಪ್ಪು ಹುಡುಕಿ ಹೆಸರಿಟ್ಟಳು. ನನ್ನ ಕಾಲೇಜು ಮಾತ್ರ ಹೋದದ್ದು ಹೋಗಿಯೇ ಹೋಯಿತು.

ಇವರು ದಿವಾನದಿಂದ ಜಿಗಿದು ನಿಂತರು. "ಅಕ್ಕಾ, ಖರೇ ಹೇಳತೇನಿ ಕೇಳು. ನನಗ ಏನೂ ಆಗಿಲ್ಲ. ನಿನ್ನ ತುಪ್ಪಾ ತಪ್ಪಸಾಕ ಸುಳ್ಳ ಹೇಳಿದೆ."

ಅಕ್ಕಾರು ತಮ್ಮನನ್ನು ಕನಿಕರದಿಂದ ನೋಡಿದರು. ಆಮೇಲೆ ನನ್ನನ್ನು ಮೆಚ್ಚುಗೆಯಿಂದ ನೋಡಿದರು. "ಛಲೋ ಮಾಡಿದಿ ಭಾಗ್ಯಾ. ಅವಂಗ ಗೊತ್ತಾಗಗೊಡಬ್ಯಾಡ," ಎಂದು ಪಿಸುಗುಟ್ಟಿದರು.

"ಗೊತ್ತಾಗಾಕ ಏನೂ ಇಲ್ರಿ ಅಕ್ಕಾರ! ಡಾಕ್ಟರ್ ಮುಂದ ನಾನೂ ಇದ್ದೆ!"

"ಹೂಂ. ಹಂಗ ಹೇಳಕೋತ ಇರು," ಎಂದರು.

ಕೊನೆಗೆ ನಾನೇ ಸತ್ತೂರಿನ ಡಾಕ್ಟರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಜೋರು ಮಾಡಿ, ಅಕ್ಕಾರ ಕೈಗೆ ಕೊಟ್ಟೆ. ಡಾಕ್ಟರು ಪಾಪ ಸಮಾಧಾನದಿಂದಲೇ ಮಾತಾಡಿದರು. "ಅಮ್ಮಾರ, ಅವರಿಗೆ ಏನೂ ತೊಂದ್ರಿ ಇಲ್ರಿ. ಏನ್ ಬೇಕಾದ್ರೂ ತಿನ್ಲಿ, ಹಿತಮಿತ ಇರ್ಲಿ. ಮತ್ತ ನಮ್ಮ ಕಡೆ ಕರಕೊಂಡ ಬರೂ ಜರೂರಿ ಇಲ್ಲ."

ನಾನು ಗೆದ್ದೆ ಎಂದುಕೊಂಡೆ. ಅಕ್ಕಾರು ಫೋನು ಕೆಳಗಿಟ್ಟು ಗೋಡೆಗೆ ಒರಗಿದರು. ಅವರ ಮುಖ ಬಿಳಿಚಿಕೊಂಡಿತ್ತು.

"ಕೇಳಿದ್ಯಾ? ಏನ್ ಬೇಕಾದ್ರೂ ತಿನ್ಲಿ ಅಂದ್ರು. ಮತ್ತ ಕರಕೊಂಡ ಬರಬ್ಯಾಡ ಅಂದ್ರು. ನಮ್ಮ ಹೆಬ್ಬಳ್ಳಿ ಮಾವಗೂ ಹಿಂಗ ಅಂದಿದ್ರವ್ವಾ! ಮುಂದಿನ ಅಮಾಸಿ ನೋಡಲಿಲ್ಲ ಅಂವ!"

ಇಷ್ಟು ದೊಡ್ಡ ದನಿಯಲ್ಲಿ ಅತ್ತರೆ ಪಕ್ಕದ ಮನೆಯವರಿಗೆ ಕೇಳಿಸದೆ ಇರುತ್ತದೆಯೇ? ಮಲ್ಲಿಕಸಾಬರು ಬನಿಯನ್ನಿನಲ್ಲೇ ಓಡಿ ಬರುವ ಹೊತ್ತಿಗೆ ನಮ್ಮವರ ತಲೆಗೆ ಇನ್ನೊಂದು ಯುಕ್ತಿ ಹೊಳೆದಿತ್ತು. ಬಾಯಿಮಾತಿಗೆ ನಂಬುವುದಿಲ್ಲ ತಾನೇ, ಕಣ್ಣಾರೆ ನೋಡಲಿ ಎಂದು ಬೂಟು ಮೆಟ್ಟಿ, ಪಡಸಾಲೆಯಲ್ಲಿದ್ದ ಜೋಳದ ಚೀಲ ಹೆಗಲಿಗೆ ಏರಿಸಿದರು. ಏರಿಸಿ, ಅಂಗಳದ ಸುತ್ತ ಓಡತೊಡಗಿದರು.

ಇಷ್ಟು ದಿನ ಚಹಾ-ಅವಲಕ್ಕಿ ಮೇಲೆ ದಿವಾನದಲ್ಲಿ ಮಲಗಿದ್ದ ದೇಹ. ಒಂದು ಸುತ್ತಿಗೇ ಏದುಸಿರು ಬಂತು. ಮುಖ ಕೆಂಪಾಯಿತು. ಹಸಿರು ಪಟ್ಟಿಯ ಬೂಟಿನ ಒಂದು ಕಾಲು ಮಗಳು ಒಣಹಾಕಿದ್ದ ಮಣ್ಣಿನ ಮೇಲೆ ಬಿದ್ದು ಜಾರಿತು.

"ಯಾ ಅಲ್ಲಾ! ಚೀಲ ಬಿಡ್ರಿ ಅಣ್ಣಾರ, ಬಿಡ್ರಿ! ಜೀವಕ್ಕಿಂತ ಜ್ವಾಳ ದೊಡ್ಡದೇನ್ರಿ!" ಎಂದು ಮಲ್ಲಿಕಸಾಬರು ಹಾರಿ ಬಂದು ಇವರನ್ನು ಅಪ್ಪಿ ಹಿಡಿದು, ನೆಲಕ್ಕೆ ಮಲಗಿಸಿ, ತಂಬಿಗೆ ನೀರನ್ನು ಮುಖಕ್ಕೆ ಸುರಿದರು. ಅವರ ಮನೆಯಾಕೆ ರಾಜಬಿ ಅಂಗಾಲು ತಿಕ್ಕಿದರು. ಇವರು ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಮಲ್ಲಿಕಸಾಬರು ಇನ್ನಷ್ಟು ನೀರು ಹಾಕಿದರು. ಓಣಿಯ ಜನವೆಲ್ಲ ಗೇಟಿನಲ್ಲಿ ನಿಂತಿತ್ತು. ಗಟ್ಟಿಮುಟ್ಟಾಗಿರುವುದನ್ನು ತೋರಿಸಲು ಹೋದ ಮನುಷ್ಯನನ್ನು ನಾಲ್ಕು ಜನ ಸೇರಿ ಎತ್ತಿ ತಂದು ಮತ್ತೆ ದಿವಾನದ ಮೇಲೆ ಮಲಗಿಸಿದರು. ಈ ಸಲ ಶಾಲನ್ನು ಅಕ್ಕಾರೇ ಹೊದಿಸಿದರು.

ಆ ಸಂಜೆ ಕಾಲೇಜಿನಿಂದ ಬಂದ ಸೌಂದರ್ಯಾ ಎಲ್ಲ ಕೇಳಿಸಿಕೊಂಡಳು. ಕೂಗಾಡಲಿಲ್ಲ. ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಅಪ್ಪಾ, ನೀವು ಮಾತ ಕೊಟ್ಟೀರಿ."

"ಕೊಟ್ಟೇನವ್ವಾ."

"ಮತ್ತ?"

"ಯಾರೂ ನಂಬವಲ್ರವ್ವಾ," ಎಂದರು ಇವರು. ನನಗೆ ಇವರ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಅಯ್ಯೋ ಅನಿಸಿತು. ಎರಡೂ ಒಟ್ಟಿಗೆ ಬಂದರೆ ಹೆಂಗಸಿಗೆ ಅಡುಗೆಮನೆಯ ಹೊರತು ಬೇರೆ ಜಾಗವಿಲ್ಲ. ಹೋಗಿ ಪಾತ್ರೆ ತಿಕ್ಕಿದೆ.

ಭಾನುವಾರ ಬಂತು. ಗುರುಸಿದ್ದವ್ವನವರು ಮಗನೊಂದಿಗೆ ಕಾರಿನಲ್ಲಿ ಬಂದರು. ಹುಡುಗ ಶಿವಯೋಗೀಶ ಒಳ್ಳೆಯವನೇ ಇರಬಹುದು, ಅವನ ಬಾಯಿಯಿಂದ ಒಂದು ಮಾತೂ ಬರಲಿಲ್ಲವಾದ್ದರಿಂದ ನನಗೆ ಗೊತ್ತಾಗಲಿಲ್ಲ. ಮಾತೆಲ್ಲ ತಾಯಿಯದು. ಕೂತಲ್ಲಿಂದಲೇ ನಮ್ಮ ಮನೆಯ ಛತ್ತಿನ ಸಿಮೆಂಟು ಯಾವ ಕಂಪನಿಯದು ಎಂದು ನೋಡಿದರು.

"ಹುಡುಗಿ ಓದಿದ್ದು ಸಾಕ್ರಿ. ಮಣ್ಣ ಓದಿ ಏನ್ ಮಾಡೂದೈತಿ? ಮದವಿ ಆದಮ್ಯಾಲೆ ಕಾಲೇಜ್ ಬಂದ್. ಮನಿ ಐತಿ, ಅಂಗಡಿ ಐತಿ, ನಾ ಅದೇನಿ," ಎಂದರು.

"ಆಕೀಗೆ ಇನ್ನ ಒಂದ ವರ್ಷ..." ಎಂದು ನಾನು ಶುರುಮಾಡಿದೆ.

"ಒಂದ ವರ್ಷ ತಡಕೊಳ್ಳೂ ಹಂಗೈತೇನ್ರಿ ನಿಮ್ಮ ಪರಿಸ್ಥಿತಿ?" ಎಂದು ಅವರು ದಿವಾನದ ಕಡೆ ಕಣ್ಣು ಹಾಯಿಸಿದರು.

ನಮ್ಮವರು ಎದ್ದು ಕೂತರು. "ನನಗ ಏನೂ ಆಗಿಲ್ರಿ. ನಮ್ಮಪ್ಪನ ಆಣಿ. ಬೇಕಾದ್ರ ಇಲ್ಲಿಂದ ಕೇಶ್ವಾಪುರದ ತನಕ ಓಡಿ ತೋರಸತೇನಿ."

"ಹಿಂಗ ಓಡಿನ ಮೊನ್ನೆ ಬಿದ್ದಾನ್ರಿ ಇವ!" ಎಂದು ಅಕ್ಕಾರು ಬಾಯಿಗೆ ಸೆರಗು ಒತ್ತಿಕೊಂಡರು. ಗುರುಸಿದ್ದವ್ವನವರು ಲೊಚಗುಟ್ಟಿ, ಚೀಲದಿಂದ ಪಂಚಾಂಗ ತೆಗೆದರು.

ಮುಗಿಯಿತು, ನನ್ನ ಮಗಳದೂ ನನ್ನ ಹಾಗೇ ಆಯಿತು ಎಂದುಕೊಂಡೆ. ಅಷ್ಟರಲ್ಲಿ ಸೌಂದರ್ಯಾ ಚಹಾ ತಂದಳು. ಎಲ್ಲರಿಗೂ ಕೊಟ್ಟು, ತಲೆ ತಗ್ಗಿಸಿ, ಎಂದೂ ಇಲ್ಲದ ವಿನಯದಿಂದ ಬಾಗಿಲ ಹತ್ತಿರ ನಿಂತಳು.

"ಅತ್ತಿ, ಎಷ್ಟ ದಿನಾ ಮುಚ್ಚಿ ಇಡೂದು? ಅವರಿಗೂ ಹೇಳಬೇಕಲ್ಲ," ಎಂದಳು ಕಾಳವ್ವ ಅಕ್ಕಾರಿಗೆ.

"ಏನ್ ಹೇಳಬೇಕು?" ಗುರುಸಿದ್ದವ್ವನವರ ಬೆರಳು ಪಂಚಾಂಗದ ಮೇಲೆ ನಿಂತಿತು.

"ಇಂಥಾ ಬ್ಯಾನಿ ವಂಶದಾಗ ಬರತೈತಂತ್ರಿ. ನಮ್ಮಜ್ಜ ಹೋಗಿದ್ದೂ ಎದಿನೋವಿಂದನ. ಈಗ ಅಪ್ಪಂದು ಎಲ್ಲಾರೂ ನೋಡಾಕತ್ತಾರ. ಇನ್ನ ನಾನು..." ಎಂದು ನಿಲ್ಲಿಸಿ, ಉಸಿರೆಳೆದುಕೊಂಡಳು. "ಬಸ್ಸಿನ ಹಿಂದ ಓಡಿದ್ರ ಎದಿ ಭಾಳ ಬಡಕೋತೈತ್ರಿ. ಇನ್ನೂ ತೋರಿಸಿಲ್ಲ. ಹೆದರಿಕಿ ಆಗತೈತಿ."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬಸ್ಸಿನ ಹಿಂದೆ ಓಡಿದರೆ ಯಾರ ಎದೆಯಾದರೂ ಬಡಿದುಕೊಳ್ಳುತ್ತದೆ. ನಮ್ಮ ಮಾವನವರು ಎದೆನೋವಿನಿಂದ ಹೋದದ್ದೂ ನಿಜ. ಎತ್ತು ಎದೆಗೆ ಒದ್ದಿತ್ತು. ಎತ್ತಿನ ವಿಷಯ ಅವಳು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಆದರೆ ಸತ್ತವರ ಮಗಳು ಅಲ್ಲೇ ಕೂತಿದ್ದರಲ್ಲ! ನಾನು ಕಾಳವ್ವ ಅಕ್ಕಾರ ಮುಖ ನೋಡಿದೆ.

ಅಕ್ಕಾರ ಕಣ್ಣು ಮೆಲ್ಲಗೆ ಅಗಲವಾದವು.

"ಹೌದಲ್ಲ..." ಎಂದರು. "ನಾವು ಎತ್ತ ಒದೀತು ಅಂದಕೊಂಡಿದ್ವಿ. ಎತ್ತಿನ ಒಂದ ಒದಿಗೆ ಅಂಥಾ ಗಟ್ಟಿ ಆಳು ಹೋಗತಾನೇನ? ಮೊದಲ ಒಳಗ ಎದಿ ಸೊರಗಿತ್ತು! ಯಪ್ಪಾ, ನಮಗ ತಿಳೀಲೇ ಇಲ್ಲಲ್ಲೋ!"

ಗುರುಸಿದ್ದವ್ವನವರ ಚಹಾ ಅರ್ಧಕ್ಕೆ ನಿಂತಿತು. ಮಗನನ್ನು ನೋಡಿದರು. ಸೌಂದರ್ಯಾಳನ್ನು ಮೇಲಿನಿಂದ ಕೆಳಗೆ ನೋಡಿದರು. ಪಂಚಾಂಗ ತಿರುವಿ, ಈ ತಿಂಗಳು ಒಂದೂ ದಿನ ಛಲೋ ಇಲ್ಲ ಎಂದರು. ಮುಂದಿನ ತಿಂಗಳು ನೋಡಲು ಅಕ್ಕಾರು ಹೇಳಿದರೆ, ಮುಂದಿನ ತಿಂಗಳು ಇನ್ನೂ ಕೆಟ್ಟದಾಗಿದೆ ಎಂದು ಎದ್ದೇಬಿಟ್ಟರು. ಗೇಟಿನ ಹತ್ತಿರ ನಿಂತು, ಮಗಳಿಗೆ ಉಪ್ಪು ಕಡಿಮೆ ಹಾಕಿ ಎಂದು ನನಗೆ ಬುದ್ಧಿಮಾತು ಹೇಳಿದರು. ಕಾರು ಓಣಿಯ ತಿರುವು ದಾಟುವವರೆಗೂ ನಾನು ಕೈ ಮುಗಿದುಕೊಂಡೇ ನಿಂತಿದ್ದೆ.

ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಅಕ್ಕಾರು ಹಿತ್ತಲಿನಲ್ಲಿ ಮುಖ ತೊಳೆಯುತ್ತ ಸತ್ತ ತಂದೆಗಾಗಿ ಹೊಸದಾಗಿ ಅಳುತ್ತಿದ್ದರು. ನನಗೆ ತಲೆ ಕೆಟ್ಟುಹೋಗಿತ್ತು. ಮಗಳು ಉಳಿದಳು ಎಂಬ ಸಂತೋಷ ಒಂದು ಕಡೆ, ಇವಳು ಹೇಳಿದ್ದು ನಾಳೆ ಬೆಳಗಾಗುವಷ್ಟರಲ್ಲಿ ಹುಬ್ಬಳ್ಳಿ-ಧಾರವಾಡ ಎರಡನ್ನೂ ಸುತ್ತಿ ಬರುತ್ತದಲ್ಲ ಎಂಬ ದಿಗಿಲು ಒಂದು ಕಡೆ.

"ಜಾಣೆ ಆದಿ ಹೌದಿಲ್ಲೋ? ಇನ್ನ ಯಾರ ಬರತಾರ ನಿನ್ನ ಕೇಳಾಕ?" ಎಂದೆ.

"ಯಾರೂ ಬರೂದಿಲ್ಲ ಅವ್ವಾ. ಒಂದ ವರ್ಷ ನಿಶ್ಚಿಂತಿ."

"ಆಮ್ಯಾಲೆ?"

"ಈ ಸುದ್ದಿ ಕೇಳಿಯೂ ಯಾವನರೆ ಬಂದ್ರ, ಅಂವನ್ನ ಒಳಗ ಕರಿ. ನಾ ಮಾತಾಡತೇನಿ ಅವನ ಕೂಡ," ಎಂದಳು.

ಅವಳಪ್ಪ ಶಾಲು ಪಕ್ಕಕ್ಕೆಸೆದು ಎದ್ದು ಬಂದರು. ಮಗಳ ತಲೆಯ ಮೇಲೆ ಕೈ ಇಟ್ಟರು. "ನಾ ಕೊಟ್ಟ ಮಾತು ನೀ ಉಳಿಸಿದೆಲ್ಲವ್ವಾ," ಎಂದರು. ಕಣ್ಣು ತುಂಬಿದ್ದವು. ಅವಳು ಅಪ್ಪನ ಮುಖ ನೋಡಿ, "ಎತ್ತು ಉಳಸ್ತಪ್ಪಾ," ಎಂದಳು.

ಮೊದಲು ನಕ್ಕದ್ದು ಇವರು. ಆಮೇಲೆ ಅವಳು. ಆ ವಾರವಿಡೀ ಚಹಾ ಸೋಸಿ ಸೋಸಿ ಸತ್ತುಹೋಗಿದ್ದ ನನಗೂ ತಡೆಯಲಾಗಲಿಲ್ಲ. ಮೂವರೂ ಒಬ್ಬರ ಮೇಲೊಬ್ಬರು ಬಿದ್ದು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಸದ್ದು ಕೇಳಿ ಕಾಳವ್ವ ಅಕ್ಕಾರು ಒದ್ದೆ ಮುಖದಲ್ಲೇ ಹಿತ್ತಲಿನಿಂದ ಓಡಿ ಬಂದರು. ಏದುಸಿರು ಬಿಡುತ್ತ ಒರಗಿದ್ದ ನಮ್ಮನ್ನು ನೋಡಿ ಬೆಚ್ಚಿ, ಮೊದಲು ತಮ್ಮನ ಎದೆಗೆ ಅಂಗೈ ಒತ್ತಿದರು. ಆಮೇಲೆ ಸೌಂದರ್ಯಾಳದಕ್ಕೆ. ಕೊನೆಗೆ ನನ್ನದಕ್ಕೆ.

"ಅಯ್ಯ ಶಿವನ! ಮೂರೂ ಮಂದೀದು ಡವಡವ ಅನ್ನಾಕತ್ತೈತಲ್ಲೋ!" ಎಂದು ಕೂಗಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.